ಪೋಕೆಮಾನ್, ಮ್ಯಾಜಿಕ್, ಯು-ಗಿ-ಓ: ಸಂಗ್ರಹದ ಪಟ್ಟಿಯಲ್ಲಿ ಕಾರ್ಡುಗಳನ್ನು ವಿಂಗಡಿಸುವುದು ಹೇಗೆ?

ನಾಣ್ಯ ಸಂಗ್ರಹಿಸುವವರಿಗೆ ಪಟ್ಟಿ ಮಾಡುವುದು ಅಷ್ಟೇನೂ ಕಷ್ಟವಲ್ಲ. ದೇಶ, ಮುಖಬೆಲೆ, ಇಸವಿ, ಟಂಕಸಾಲೆಯ ಗುರುತು. ಹೆಚ್ಚಿನ ಸಲ ನಾಲ್ಕೂ ನಾಣ್ಯದ ಮೇಲೇ ಸಿಗುತ್ತವೆ. ಕಾರ್ಡ್ ಗೇಮ್‌ಗಳ ವಿಷಯ ಹಾಗಲ್ಲ. ಒಂದೇ ಹೆಸರು, ಒಂದೇ ಚಿತ್ರ, ಒಂದೇ ನಂಬರ್ ಇರುವ ಎರಡು ಕಾರ್ಡುಗಳು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅಂತರದಲ್ಲಿ ಅಚ್ಚಾಗಿರಬಹುದು. ಬೆಲೆಯಲ್ಲಂತೂ ಅಜಗಜಾಂತರ.

ಹಾಗಾಗಿ ಪಟ್ಟಿ ಶುರು ಮಾಡುವ ಮುಂಚೆ ಮೂರು ವಿಷಯ ತೀರ್ಮಾನ ಆಗಬೇಕು. ಈ ವಿಭಾಗಕ್ಕೆ ಏನೇನು ಸೇರುತ್ತದೆ? ಒಳಗೆ ಯಾವ ಕ್ರಮದಲ್ಲಿ ಜೋಡಿಸಬೇಕು? ಪಟ್ಟಿಯ ಒಂದು ಸಾಲು ಅಂದರೆ ಏನು? ಬಹಳ ಜನ ಮೊದಲೆರಡಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಮೂರನೆಯದೇ ಮುಖ್ಯ. ಅದು ಸರಿಯಾಗಿದ್ದರೆ ಉಳಿದೆರಡನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಅದು ಕೆಟ್ಟರೆ ಡಬ್ಬಿ ಬಿಚ್ಚಿ ಒಂದೊಂದೇ ಕಾರ್ಡನ್ನು ಮತ್ತೆ ನೋಡಬೇಕಾಗುತ್ತದೆ.

ಯಾವುದು ಒಳಗೆ, ಯಾವುದು ಹೊರಗೆ

ಕಲೆಕ್ಟಿಬಲ್ ಕಾರ್ಡ್ ಗೇಮ್ ಅನ್ನಲು ಎರಡು ಲಕ್ಷಣ ಬೇಕು. ಆಡಲು ನಿಯಮ ಇರಬೇಕು. ಪ್ಯಾಕ್ ಒಡೆಯುವ ತನಕ ಒಳಗೆ ಯಾವ ಕಾರ್ಡಿದೆ ಅಂತ ಗೊತ್ತಾಗಬಾರದು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್: ದಿ ಗ್ಯಾದರಿಂಗ್ 1993ರಲ್ಲಿ ಈ ಎರಡನ್ನೂ ಒಟ್ಟುಗೂಡಿಸಿತು. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಬಂತು, 1999ರಲ್ಲಿ ಕೊನಾಮಿಯ ಯು-ಗಿ-ಓ. ಈ ಮೂರರ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರೆಲ್ಲ ಅಂಚಿನಲ್ಲಿರುವ ಆಟಗಳದ್ದು.

ನೆಟ್‌ರನ್ನರ್ ತೆಗೆದುಕೊಳ್ಳಿ. ಇದೂ ಗಾರ್ಫೀಲ್ಡ್ ಅವರದೇ. 1996ರಲ್ಲಿ ಬಂದಾಗ ಪ್ಯಾಕ್ ಒಡೆದು ಅದೃಷ್ಟ ನೋಡುವ ಆಟವೇ ಆಗಿತ್ತು. 2012ರಲ್ಲಿ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಇದನ್ನು ಆಂಡ್ರಾಯ್ಡ್: ನೆಟ್‌ರನ್ನರ್ ಎಂದು ಮತ್ತೆ ತಂದಿತು. ಈ ಸಲ ಪ್ರತಿ ಪೆಟ್ಟಿಗೆಯಲ್ಲೂ ಅವೇ ಕಾರ್ಡುಗಳು. ಕಂಪನಿ ಇಂಥ ಆಟಗಳನ್ನು ಲಿವಿಂಗ್ ಕಾರ್ಡ್ ಗೇಮ್ ಎಂದು ಕರೆಯಿತು. ಆಟದ ಜೀವಾಳ ಒಂದೇ ಆದರೂ ಸಂಗ್ರಹಿಸುವ ರೀತಿ ಬೇರೆ. ಮೊದಲನೆಯದರಲ್ಲಿ ನಿಮ್ಮ ಬಳಿ ಯಾವ ಕಾರ್ಡಿದೆ, ಯಾವುದಿಲ್ಲ ಅನ್ನುವುದು ದೊಡ್ಡ ಪ್ರಶ್ನೆ. ಎರಡನೆಯದರಲ್ಲಿ ಯಾವ ಪೆಟ್ಟಿಗೆ ಇದೆ ಅಂತ ಬರೆದರೆ ಮುಗಿಯಿತು. ಹಾಗಾಗಿ ನಾನು ಎರಡನ್ನೂ ಒಂದೇ ವಿಭಾಗದಲ್ಲಿ ಇಡುವುದಿಲ್ಲ. ಪೆಟ್ಟಿಗೆಯಲ್ಲೇ ಎಲ್ಲ ಕಾರ್ಡೂ ಸಿಗುವ ಡೊಮಿನಿಯನ್ ತರಹದ ಆಟಗಳಿಗೂ ಇದೇ ಮಾತು. ಅವುಗಳಿಗೆ ಪೆಟ್ಟಿಗೆಗೊಂದು ಸಾಲು ಸಾಕು.

ಇನ್ನು ನಿಯಮವೇ ಇಲ್ಲದ ಕಾರ್ಡುಗಳು. 1999ರ ಹೊತ್ತಿಗೆ ಟಾಪ್ಸ್ ಕಂಪನಿ ಪೋಕೆಮಾನ್ ಚಿತ್ರಗಳ ಕಾರ್ಡುಗಳನ್ನು ತಂದಿತ್ತು. ಪಿಕಾಚು ಇದೆ, ಲೋಗೋ ಇದೆ, ಹೊಳಪೂ ಇದೆ. ಆದರೆ ಆಟಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಕಾರ್ಡನ್ನು ಯಾರೂ ಡೆಕ್‌ನಲ್ಲಿ, ಅಂದರೆ ಆಡಲು ಜೋಡಿಸಿಕೊಂಡ ಕಟ್ಟಿನಲ್ಲಿ, ಹಾಕಿ ಆಡುವಂತಿಲ್ಲ. ಅದು ಟ್ರೇಡಿಂಗ್ ಕಾರ್ಡ್, ಅಷ್ಟೇ. ಅದೇ ಟಾಪ್ಸ್‌ನವರ ಕ್ರಿಕೆಟ್ ಅಟ್ಯಾಕ್ಸ್ ನಮ್ಮಲ್ಲಿ ತುಂಬಾ ಮಕ್ಕಳ ಕೈಯಲ್ಲಿ ಓಡಾಡಿತು. ಅದರಲ್ಲಿ ಬ್ಯಾಟಿಂಗ್, ಬೌಲಿಂಗ್ ಅಂಕಗಳಿವೆ. ಆಡುವ ನಿಯಮವಿದೆ, ಪ್ಯಾಕ್ ಕೂಡ ಮುಚ್ಚಿದ್ದೇ. ನೋಡಲು ಕ್ರೀಡಾ ಕಾರ್ಡಿನ ಹಾಗಿದ್ದರೂ ಎರಡೂ ಲಕ್ಷಣ ಇರುವುದರಿಂದ ನಾನು ಅದನ್ನು ಈ ವಿಭಾಗಕ್ಕೇ ಸೇರಿಸುತ್ತೇನೆ. ಡಬ್ಲ್ಯುಡಬ್ಲ್ಯುಇ ಟ್ರಂಪ್ ಕಾರ್ಡುಗಳಲ್ಲೂ ಆಟವಿದೆ. ಎತ್ತರ, ತೂಕ, ರ‍್ಯಾಂಕ್ ಹೇಳಿ ಎದುರಾಳಿಯ ಕಾರ್ಡು ಗೆಲ್ಲುವ ಆಟ ಅದು. ಆದರೆ ಪೂರ್ತಿ ಕಟ್ಟು ಒಂದೇ ಸಲ ಸಿಗುವುದರಿಂದ ಅದು ಹೊರಗೆ.

ಮೈಸೂರು ಗಂಜೀಫ ಯಾರ ಬಳಿಯಾದರೂ ಇದ್ದರೆ ಅದಕ್ಕೂ ಇದೇ ಅಳತೆ. ದಶಾವತಾರ ಗಂಜೀಫದಲ್ಲಿ ಹತ್ತು ಅವತಾರಕ್ಕೆ ತಲಾ 12ರಂತೆ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 360 ಎಲೆಗಳ ಆಟವನ್ನೂ ರೂಪಿಸಿದ್ದರು. ಸಂಗ್ರಹಕ್ಕೆ ಇದಕ್ಕಿಂತ ಚೆಂದದ ವಸ್ತು ಸಿಗುವುದು ಕಷ್ಟ. ಆದರೆ ಅದು ಇಸ್ಪೀಟಿನ ಬಳಗ. ಕಟ್ಟು ಪೂರ್ತಿ ಇದ್ದರೇ ಅದಕ್ಕೆ ಬೆಲೆ.

ಇಲ್ಲೊಂದು ಆಯ್ಕೆ ನಿಮ್ಮ ಸಂಗ್ರಹ ಹೇಗಿದೆ ಅನ್ನುವುದರ ಮೇಲೆ ನಿಂತಿದೆ. ಕಾರ್ಡಿನ ಜೊತೆ ಪೋಕೆಮಾನ್ ಗೊಂಬೆ, ವಿಡಿಯೋ ಗೇಮ್, ಪೋಸ್ಟರ್ ಎಲ್ಲ ಇದ್ದು, ಬೇರೆ ಆಟವೇ ಇಲ್ಲ ಅಂದರೆ ಪೋಕೆಮಾನ್ ಅನ್ನುವುದನ್ನೇ ಮೇಲಿನ ವಿಭಾಗ ಮಾಡಿಕೊಳ್ಳಿ. ಎರಡು ಅಥವಾ ಜಾಸ್ತಿ ಕಾರ್ಡ್ ಆಟಗಳಿದ್ದರೆ ಹಾಗೆ ಮಾಡಬೇಡಿ. ಟಾಪ್ಸ್ ಚಿತ್ರದ ಕಾರ್ಡೂ ಆಟದ ಕಾರ್ಡೂ ಒಂದೇ ಕಡೆ ಬಿದ್ದು, ಆಮೇಲೆ ಹುಡುಕುವಾಗ ಗೊಂದಲವಾಗುತ್ತದೆ.

ಒಳಗಿನ ಕ್ರಮ

ಬೆಲೆಯ ಪ್ರಕಾರ ವಿಂಗಡಿಸುವವರು ಇದ್ದಾರೆ. ಬೇಡ. ಬೆಲೆ ಪ್ರತಿ ವಾರ ಬದಲಾಗುತ್ತದೆ. ಅದು ಒಂದು ಕಾಲಮ್ ಆಗಿರಲಿ, ಪಕ್ಕದಲ್ಲಿ ಯಾವ ದಿನದ ಬೆಲೆ ಅಂತಲೂ ಇರಲಿ.

ಅಪರೂಪತೆಯ ಪ್ರಕಾರ ಅಂದರೆ ಕಾಮನ್, ಅನ್‌ಕಾಮನ್, ರೇರ್. ಕೇಳಲು ಚೆನ್ನಾಗಿದೆ, ಆದರೆ ಆಟಗಳ ನಡುವೆ ತಾಳೆಯಾಗುವುದಿಲ್ಲ. ಪೋಕೆಮಾನ್‌ನಲ್ಲಿ ವೃತ್ತ, ವಜ್ರ, ನಕ್ಷತ್ರದ ಗುರುತುಗಳು. ಮ್ಯಾಜಿಕ್‌ನಲ್ಲಿ ಸೆಟ್ (ಒಟ್ಟಿಗೆ ಬಿಡುಗಡೆಯಾದ ಕಾರ್ಡುಗಳ ಗುಂಪು) ಗುರುತಿನ ಬಣ್ಣವೇ ಅಪರೂಪತೆ ಹೇಳುತ್ತದೆ. ಕಪ್ಪು, ಬೆಳ್ಳಿ, ಚಿನ್ನ, ಮತ್ತು 2008ರಿಂದ ಕಿತ್ತಳೆಗೆಂಪಿನ ಮಿಥಿಕ್. ಈ ಬಣ್ಣದ ಪದ್ಧತಿಯೂ 1998ರ ಎಕ್ಸೋಡಸ್ ಸೆಟ್‌ನಿಂದ ಮಾತ್ರ. ಅದಕ್ಕಿಂತ ಹಳೆಯ ಕಾರ್ಡುಗಳ ಮೇಲೆ ಈ ಸೂಚನೆಯೇ ಇಲ್ಲ. ಒಂದು ಸೆಟ್‌ನಲ್ಲಿ ಅನ್‌ಕಾಮನ್ ಆಗಿದ್ದ ಕಾರ್ಡು ಇನ್ನೊಂದರಲ್ಲಿ ಕಾಮನ್ ಆಗಿ ಮರುಮುದ್ರಣ ಆಗುವುದೂ ಉಂಟು.

ಬಣ್ಣ ಅಥವಾ ವಿಧದ ಪ್ರಕಾರ ಜೋಡಿಸುವುದು ಆಡುವವರಿಗೆ ಇಷ್ಟ. ಡೆಕ್ ಕಟ್ಟುವಾಗ ಅನುಕೂಲ, ಒಪ್ಪುತ್ತೇನೆ. ಆದರೆ ಪಟ್ಟಿಗೆ ಇದು ನಿಲ್ಲುವುದಿಲ್ಲ. ಪೋಕೆಮಾನ್‌ನ ಕ್ಲಿಫೇರಿ ಅನ್ನುವ ಪ್ರಾಣಿಯನ್ನೇ ನೋಡಿ. 1999ರ ಬೇಸ್ ಸೆಟ್‌ನಲ್ಲಿ ಅದು ಬಣ್ಣವಿಲ್ಲದ ವಿಧ. ಎಕ್ಸ್‌ವೈ ಸರಣಿಯಲ್ಲಿ ಫೇರಿ ಅನ್ನುವ ಹೊಸ ವಿಧ ಬಂತು, ಕ್ಲಿಫೇರಿ ಅಲ್ಲಿಗೆ ಹೋಯಿತು. 2020ರ ಸೋರ್ಡ್ ಅಂಡ್ ಶೀಲ್ಡ್‌ನಿಂದ ಫೇರಿ ವಿಧವನ್ನೇ ತೆಗೆದುಹಾಕಿದರು. ಈಗ ಅದು ಸೈಕಿಕ್. ಒಂದೇ ಪ್ರಾಣಿಗೆ ಮೂರು ಡಬ್ಬಿ! ಮ್ಯಾಜಿಕ್‌ನಲ್ಲಿ ಎರಡು ಮೂರು ಬಣ್ಣ ಸೇರಿರುವ ಕಾರ್ಡು ಬಂದಾಗಲೂ ಇದೇ ಪೇಚಾಟ.

ಉಳಿದದ್ದು ಸೆಟ್. ಆಟ, ಅದರೊಳಗೆ ಸೆಟ್, ಅದರೊಳಗೆ ನಂಬರ್. ನನ್ನ ಆಯ್ಕೆ ಇದೇ. ಸೆಟ್ ಅನ್ನುವುದು ಪ್ರಕಾಶಕರೇ ಮಾಡಿದ ವಿಂಗಡಣೆ. ಅದಕ್ಕೆ ಬಿಡುಗಡೆಯ ತಿಂಗಳಿದೆ, ಪೂರ್ತಿ ಕಾರ್ಡುಗಳ ಪಟ್ಟಿ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಬಳಿ ಏನಿಲ್ಲ ಅನ್ನುವುದು ಇದರಲ್ಲಿ ತಾನಾಗಿ ಕಾಣುತ್ತದೆ. ಸಂಗ್ರಹ ಮಾಡುವವರಿಗೆ ಬೇಕಾಗಿರುವುದೇ ಅದು, ಅಲ್ವಾ? ಬಣ್ಣ, ವಿಧ, ಅಪರೂಪತೆ ಎಲ್ಲವೂ ಕಾಲಮ್‌ಗಳಾಗಿ ಪಕ್ಕದಲ್ಲಿರಲಿ. ಬೇಕಾದಾಗ ಫಿಲ್ಟರ್ ಹಾಕಿದರಾಯಿತು.

ನಂಬರ್ ಬಗ್ಗೆ ಒಂದು ಮಾತು. ಸೆಟ್‌ನಲ್ಲಿ 82 ಕಾರ್ಡು ಅಂತ ಬರೆದಿದ್ದರೂ 83ನೆಯದು ಇರಬಹುದು. 2000ದ ಟೀಮ್ ರಾಕೆಟ್ ಸೆಟ್‌ನ ಡಾರ್ಕ್ ರೈಚು ಮೇಲೆ 83/82 ಅಂತಲೇ ಅಚ್ಚಾಗಿದೆ. ಅದು ತಪ್ಪಲ್ಲ. ಸೀಕ್ರೆಟ್ ರೇರ್ ಅನ್ನುವುದಕ್ಕೆ ಅದೇ ಗುರುತು. ಕಾರ್ಡಿನ ಮೇಲೆ ಇರುವುದನ್ನು ಇರುವ ಹಾಗೇ ಬರೆಯಿರಿ.

ಒಂದು ಸಾಲು ಅಂದರೆ ಏನು?

ಇಲ್ಲಿ ಮೂರು ದಾರಿಗಳಿವೆ. ಹೆಸರಿಗೊಂದು ಸಾಲು, ಮುದ್ರಣಕ್ಕೊಂದು ಸಾಲು, ಕೈಯಲ್ಲಿರುವ ಪ್ರತಿಗೊಂದು ಸಾಲು.

ಹೆಸರಿಗೊಂದು ಸಾಲು ಅನ್ನುವುದು ಮ್ಯಾಜಿಕ್‌ನಲ್ಲಿ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಅಲ್ಲಿ ಒಂದು ಹೆಸರಿಗೆ ನಿಯಮ ಒಂದೇ. ಯಾವ ಸೆಟ್‌ನಲ್ಲಿ ಅಚ್ಚಾದರೂ ಆ ಕಾರ್ಡಿನ ಕೆಲಸ ಬದಲಾಗುವುದಿಲ್ಲ. ಪೋಕೆಮಾನ್‌ಗೆ ಬಂದರೆ ಇದು ಮುರಿದುಬೀಳುತ್ತದೆ. ಪಿಕಾಚು ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ದಾಳಿ, ಬೇರೆ ಬೇರೆ ಅಂಕಗಳ ಎಷ್ಟೋ ಕಾರ್ಡುಗಳಿವೆ. 2019ರಲ್ಲಿ ನ್ಯೂಜಿಲೆಂಡಿನಿಂದ ಬಂದ ಫ್ಲೆಶ್ ಅಂಡ್ ಬ್ಲಡ್ ಆಟದಲ್ಲಿ ಒಂದೇ ಹೆಸರಿನ ಕಾರ್ಡು ಕೆಂಪು, ಹಳದಿ, ನೀಲಿ ಎಂದು ಮೂರು ರೂಪದಲ್ಲಿ ಬರುತ್ತದೆ. ಮೂರರ ಬಲವೂ ಬೇರೆ. ಆಡಲು ಮಾತ್ರ ಕಾರ್ಡು ಇಟ್ಟುಕೊಂಡ ಮ್ಯಾಜಿಕ್ ಆಟಗಾರರನ್ನು ಬಿಟ್ಟರೆ ಈ ದಾರಿ ಯಾರಿಗೂ ಬೇಡ.

ಮುದ್ರಣಕ್ಕೊಂದು ಸಾಲು ಅಂದರೆ ಏನು ಅನ್ನುವುದಕ್ಕೆ ಒಂದೇ ಕಾರ್ಡನ್ನು ಹತ್ತಿರದಿಂದ ನೋಡೋಣ. ಬೇಸ್ ಸೆಟ್‌ನ ಚಾರಿಜಾರ್ಡ್. ಇಂಗ್ಲಿಷ್ ಪೋಕೆಮಾನ್ ಕಾರ್ಡುಗಳ ಮೊದಲ ಸೆಟ್, 1999. ಕೆಳಗೆ ಬಲಗಡೆ 4/102. ಮೊದಲ ಸೆಟ್ ಆದ್ದರಿಂದ ಸೆಟ್ ಗುರುತೇ ಇಲ್ಲ. ಗುರುತು ಇಲ್ಲದಿರುವುದೇ ಅದರ ಗುರುತು.

ಈಗ ಚಿತ್ರದ ಚೌಕಟ್ಟಿನ ಬಲ ಅಂಚನ್ನು ನೋಡಿ. ತೆಳುವಾದ ನೆರಳಿದೆಯಾ? ಇದ್ದರೆ ಅದು ಅನ್‌ಲಿಮಿಟೆಡ್ ಮುದ್ರಣ, ಜಾಸ್ತಿ ಸಿಗುವುದು ಇದೇ. ನೆರಳಿಲ್ಲ ಅಂದರೆ ಅದಕ್ಕಿಂತ ಮುಂಚಿನದು, ಸಂಗ್ರಹಕಾರರು ಶ್ಯಾಡೋಲೆಸ್ ಅನ್ನುವುದು ಇದನ್ನೇ. ನೆರಳೂ ಇಲ್ಲ, ಚಿತ್ರದ ಕೆಳಗೆ ಎಡಗಡೆ ಫಸ್ಟ್ ಎಡಿಷನ್ ಮುದ್ರೆಯೂ ಇದೆ ಅಂದರೆ ಅದೇ ಎಲ್ಲಕ್ಕಿಂತ ಬೆಲೆಬಾಳುವುದು. ಅನುಮಾನ ಬಂದರೆ ಕಾರ್ಡಿನ ತಳದ ಕಾಪಿರೈಟ್ ಸಾಲು ಓದಿ. ನೆರಳಿಲ್ಲದ ಕಾರ್ಡಿನಲ್ಲಿ ನಿಂಟೆಂಡೊ ಹೆಸರಿನ ಮುಂಚೆ 1995, 96, 98, 99 ಎಂದು ನಾಲ್ಕು ಇಸವಿ ಇರುತ್ತದೆ. ಅನ್‌ಲಿಮಿಟೆಡ್‌ನಲ್ಲಿ ಆ 99 ಇರುವುದಿಲ್ಲ. ಭೂತಗನ್ನಡಿ ಇದ್ದರೆ ಒಳ್ಳೆಯದು, ಆ ಅಕ್ಷರ ತುಂಬಾ ಸಣ್ಣ.

ಇಷ್ಟಕ್ಕೇ ಮುಗಿಯಲಿಲ್ಲ. 2000ದ ಬೇಸ್ ಸೆಟ್ 2ರಲ್ಲಿ ಚಾರಿಜಾರ್ಡ್ ಮತ್ತೆ ಬಂತು, ನಂಬರ್ 4/130. 2002ರ ಲೆಜೆಂಡರಿ ಕಲೆಕ್ಷನ್‌ನಲ್ಲಿ 3/110. 2016ರ ಎವಲ್ಯೂಷನ್ಸ್‌ನಲ್ಲಿ 11/108. 2021ರಲ್ಲಿ 25 ವರ್ಷದ ನೆನಪಿಗೆ ಸೆಲೆಬ್ರೇಷನ್ಸ್ ಸೆಟ್ ಬಂದಾಗ ಹಳೆಯ ಚಾರಿಜಾರ್ಡನ್ನೇ ಅಚ್ಚು ಹಾಕಿದರು. ಅದರ ಮೇಲೂ ನಂಬರ್ 4/102! ಚಿತ್ರದ ಮೂಲೆಯಲ್ಲಿರುವ 25 ಅನ್ನುವ ಸಣ್ಣ ಗುರುತು ನೋಡಿ ಪತ್ತೆ ಹಚ್ಚಬೇಕು. ಪಟ್ಟಿಯಲ್ಲಿ ಸುಮ್ನೆ "ಚಾರಿಜಾರ್ಡ್ 4/102" ಅಂತ ಬರೆದಿಟ್ಟರೆ ನಾಲ್ಕು ಬೇರೆ ಬೇರೆ ವಸ್ತುಗಳು ಒಂದೇ ಸಾಲಿನಲ್ಲಿ ಸೇರಿಕೊಂಡವು ಅಂತಲೇ ಅರ್ಥ.

ಹಾಗಾಗಿ ಸಾಲಿನಲ್ಲಿ ಆಟ, ಸೆಟ್, ನಂಬರ್, ಭಾಷೆ, ಮುದ್ರಣದ ವಿಶೇಷ ಮತ್ತು ಫಾಯಿಲ್ (ಹೊಳೆಯುವ ಪದರ ಇರುವ ಕಾರ್ಡು) ಹೌದೋ ಅಲ್ಲವೋ ಅನ್ನುವುದು ಇರಲೇಬೇಕು. ಈ ಆರೂ ಒಂದೇ ಆಗಿದ್ದರೆ ಮಾತ್ರ ಎರಡು ಕಾರ್ಡು ಒಂದೇ ಸಾಲಿಗೆ ಬರಲಿ. ಯು-ಗಿ-ಓ ಇದ್ದರೆ ಇನ್ನೊಂದು ಬೇಕು, ಅದನ್ನು ಮುಂದೆ ಹೇಳುತ್ತೇನೆ.

ಪ್ರತಿಗೊಂದು ಸಾಲು ಬೇಕಾಗುವುದು ಬೆಲೆಬಾಳುವ ಕಾರ್ಡುಗಳಿಗೆ ಮಾತ್ರ. ಪಿಎಸ್ಎ ತರಹದ ಸಂಸ್ಥೆಯಿಂದ ಗ್ರೇಡ್ ಮಾಡಿಸಿದ, ಅಂದರೆ ಸ್ಥಿತಿಗೆ ಅಂಕ ಕೊಡಿಸಿದ, ಕಾರ್ಡಿಗೆ ತನ್ನದೇ ಸರ್ಟಿಫಿಕೇಟ್ ನಂಬರ್ ಇರುತ್ತದೆ. ಅದಕ್ಕೆ ಪ್ರತ್ಯೇಕ ಸಾಲು ಬೇಕು. ಉಳಿದ ಕಾಮನ್ ಕಾರ್ಡುಗಳಿಗೆ ಎಷ್ಟಿದೆ ಅನ್ನುವ ಒಂದು ಕಾಲಮ್ ಸಾಕು. ಎಲ್ಲದಕ್ಕೂ ಪ್ರತಿಗೊಂದು ಸಾಲು ಮಾಡಲು ಹೋದವರು ಅರ್ಧಕ್ಕೇ ಬಿಟ್ಟುಬಿಡುತ್ತಾರೆ.

ನಂಬರ್ ಒಂದೊಂದು ಆಟದಲ್ಲಿ ಒಂದೊಂದು ಅರ್ಥ

ಎಲ್ಲ ಆಟಕ್ಕೂ ಒಂದೇ ನಮೂನೆಯ ಹಾಳೆ ಮಾಡುವವರು ಎಡವುವುದು ಇಲ್ಲೇ. ಕಾರ್ಡಿನ ಮೇಲೆ ನಂಬರ್ ಇದೆ ಅಂದ ಮಾತ್ರಕ್ಕೆ ಅದು ಎಲ್ಲ ಕಡೆ ಒಂದೇ ವಿಷಯ ಹೇಳುವುದಿಲ್ಲ.

ಯು-ಗಿ-ಓ ಕಾರ್ಡಿನಲ್ಲಿ ಎರಡು ನಂಬರುಗಳಿರುತ್ತವೆ. ಚಿತ್ರದ ಕೆಳಗೆ ಬಲಗಡೆ ಎಲ್‌ಒಬಿ-001 ತರಹದ ಸೆಟ್ ಕೋಡ್. ಕಾರ್ಡಿನ ತಳದಲ್ಲಿ ಎಡಗಡೆ ಎಂಟು ಅಂಕಿಯ ಪಾಸ್‌ಕೋಡ್. ಬ್ಲೂ-ಐಸ್ ವೈಟ್ ಡ್ರ್ಯಾಗನ್‌ದು 89631139. ಸೆಟ್ ಕೋಡ್ ಮುದ್ರಣವನ್ನು ಹೇಳುತ್ತದೆ, ಪಾಸ್‌ಕೋಡ್ ಕಾರ್ಡನ್ನು ಹೇಳುತ್ತದೆ. ಪಟ್ಟಿ ಮಾಡುವವರಿಗೆ ಇಷ್ಟು ಅನುಕೂಲದ ಏರ್ಪಾಡು ಬೇರೆ ಯಾವ ಆಟದಲ್ಲೂ ನಾನು ನೋಡಿಲ್ಲ. ಎರಡನ್ನೂ ಬರೆದಿಟ್ಟುಕೊಳ್ಳಿ. ಒಂದೇ ಎಚ್ಚರಿಕೆ: 2023ರ 25ನೇ ವಾರ್ಷಿಕೋತ್ಸವದ ರ‍್ಯಾರಿಟಿ ಕಲೆಕ್ಷನ್‌ನಲ್ಲಿ ಒಂದೇ ಸೆಟ್ ಕೋಡ್ ಇರುವ ಕಾರ್ಡು ಏಳು ಬಗೆಯ ಹೊಳಪಿನಲ್ಲಿ ಬಂತು. ಹಾಗಾಗಿ ಯು-ಗಿ-ಓ ಮಟ್ಟಿಗೆ ಅಪರೂಪತೆಯ ಕಾಲಮ್ ಕೂಡ ಸಾಲನ್ನು ಗುರುತಿಸುವ ಭಾಗವೇ. ಬೇರೆ ಆಟಗಳ ಹಾಗೆ ಐಚ್ಛಿಕ ಅಲ್ಲ.

ಬಂದಾಯ್ ಕಂಪನಿಯ ಒನ್ ಪೀಸ್ ಕಾರ್ಡ್ ಗೇಮ್ ಇದಕ್ಕೆ ಉಲ್ಟಾ. 2022ರಲ್ಲಿ ಶುರುವಾದ ಈ ಆಟದಲ್ಲಿ ಕಾರ್ಡು ಮುಂದೆ ಯಾವ ಸೆಟ್‌ನಲ್ಲಿ ಮರುಮುದ್ರಣ ಆದರೂ ಹುಟ್ಟಿದಾಗಿನ ನಂಬರನ್ನೇ ಇಟ್ಟುಕೊಳ್ಳುತ್ತದೆ. ಬೇರೆ ಚಿತ್ರ ಹಾಕಿದರೂ ಅದೇ ನಂಬರ್. ಅಂದರೆ ಇಲ್ಲಿ ನಂಬರ್ ಕಾರ್ಡಿನದು, ಮುದ್ರಣದ್ದಲ್ಲ. ಯಾವ ಪ್ಯಾಕ್‌ನಿಂದ ಬಂತು, ಯಾವ ಚಿತ್ರ ಅನ್ನುವುದನ್ನು ನೀವೇ ಬರೆಯಬೇಕು. ಪ್ಯಾಕ್ ಒಡೆದ ದಿನವೇ ಬರೆಯಿರಿ.

ಮ್ಯಾಜಿಕ್‌ನಲ್ಲಿ 2014ರಿಂದೀಚೆಗಿನ ಕಾರ್ಡಾದರೆ ಚಿಂತೆಯಿಲ್ಲ. ಕೆಳಗೆ ಎಡಗಡೆ ಸೆಟ್ ಕೋಡ್, ನಂಬರ್, ಭಾಷೆ ಎಲ್ಲ ಸಣ್ಣ ಅಕ್ಷರದಲ್ಲಿರುತ್ತದೆ. 1998ಕ್ಕಿಂತ ಹಿಂದಿನವಕ್ಕೆ ನಂಬರೇ ಇಲ್ಲ. ಸೆಟ್ ಗುರುತು ಮೊದಲು ಬಂದದ್ದು 1993ರ ಕೊನೆಗೆ ಅರೇಬಿಯನ್ ನೈಟ್ಸ್‌ನಲ್ಲಿ. ಆಲ್ಫಾ, ಬೀಟಾ ತರಹದ ಮೂಲ ಸೆಟ್‌ಗಳಲ್ಲಿ ಅದೂ ಇಲ್ಲ. ಅವನ್ನು ಅಂಚಿನಿಂದಲೇ ಗುರುತಿಸಬೇಕು. ಆಲ್ಫಾ, ಬೀಟಾ ಎರಡಕ್ಕೂ ಕಪ್ಪು ಅಂಚು, ಆಲ್ಫಾದ ಮೂಲೆ ಜಾಸ್ತಿ ದುಂಡಗೆ. ಅನ್‌ಲಿಮಿಟೆಡ್, ರಿವೈಸ್ಡ್ ಎರಡಕ್ಕೂ ಬಿಳಿ ಅಂಚು, ರಿವೈಸ್ಡ್‌ನ ಬಣ್ಣ ಮಂಕು. 1995ರ ಫೋರ್ತ್ ಎಡಿಷನ್‌ನಲ್ಲಿ ತಳದಲ್ಲಿ ಇಸವಿ ಇದೆ. ಇನ್ನು 2019ರ ಮಿಸ್ಟರಿ ಬೂಸ್ಟರ್‌ನ ಮರುಮುದ್ರಣಗಳು ಹಳೆಯ ಸೆಟ್ ಗುರುತು, ಹಳೆಯ ನಂಬರನ್ನೇ ಹೊತ್ತು ಬಂದವು. ಎಡಗಡೆಯ ಕೆಳಮೂಲೆಯಲ್ಲಿ ಪುಟ್ಟ ಪ್ಲೇನ್ಸ್‌ವಾಕರ್ ಚಿಹ್ನೆ ಇದೆಯಾ ಅಂತ ನೋಡದೆ ಬರೆದರೆ ತಪ್ಪು ಸೆಟ್‌ಗೆ ಸೇರಿಬಿಡುತ್ತದೆ.

ಜಪಾನಿ ಪೋಕೆಮಾನ್ ಕಾರ್ಡುಗಳನ್ನು ಇಂಗ್ಲಿಷ್ ಸೆಟ್ ಒಳಗೆ ತುರುಕಬೇಡಿ. ಆರಂಭದ ವರ್ಷಗಳ ಜಪಾನಿ ಕಾರ್ಡುಗಳ ಮೇಲೆ ಸೆಟ್ ನಂಬರೇ ಇಲ್ಲ, ಪೋಕೆಡೆಕ್ಸ್ ನಂಬರ್, ಅಂದರೆ ಆ ಪ್ರಾಣಿಯ ಕ್ರಮಸಂಖ್ಯೆ ಮಾತ್ರ. ಚಾರಿಜಾರ್ಡ್ ಅಂದರೆ 006. ನಂತರದ ಸೆಟ್‌ಗಳೂ ಇಂಗ್ಲಿಷಿಗೆ ಒಂದಕ್ಕೊಂದು ಹೊಂದುವುದಿಲ್ಲ. ಭಾಷೆ ಬರೀ ಒಂದು ಟಿಪ್ಪಣಿಯಾಗಿ ಉಳಿಯದೆ ಸೆಟ್‌ಗಿಂತ ಮೇಲಿನ ಹಂತದಲ್ಲಿ ಬರಲಿ.

ನೋಟ್‌ಬುಕ್, ಶೀಟ್, ಆ್ಯಪ್

ಬರೀ ಮ್ಯಾಜಿಕ್ ಇದ್ದರೆ ಸ್ಕ್ರೈಫಾಲ್ ಅನ್ನುವ ಮ್ಯಾಜಿಕ್ ಕಾರ್ಡುಗಳ ವೆಬ್‌ಸೈಟ್ ನೋಡಿಕೊಂಡು ಬರೆಯಿರಿ. ಅದರಲ್ಲಿ ಪ್ರತಿ ಮುದ್ರಣಕ್ಕೂ ಒಂದು ಗುರುತು, ಆ ಎಲ್ಲ ಮುದ್ರಣಗಳ ಹಿಂದಿರುವ ಕಾರ್ಡಿಗೆ ಇನ್ನೊಂದು ಗುರುತು ಇದೆ. ನಾನು ಮೇಲೆ ಹೇಳಿದ ವಿಂಗಡಣೆಯೇ ಅದು. ಆ್ಯಪ್‌ಗಳು ಫೋಟೋ ತೆಗೆದ ತಕ್ಷಣ ಕಾರ್ಡು ಗುರುತಿಸುತ್ತವೆ ನಿಜ. ಆದರೆ ನೆರಳಿರುವ, ನೆರಳಿಲ್ಲದ ಚಾರಿಜಾರ್ಡ್ ವಿಷಯದಲ್ಲಿ ಅವುಗಳ ಮಾತನ್ನು ಕಣ್ಣುಮುಚ್ಚಿ ನಂಬಬೇಡಿ. ನಾಲ್ಕೈದು ಆಟಗಳಿದ್ದರೆ ಗೂಗಲ್ ಶೀಟ್ ಒಳ್ಳೆಯದು. ಆಟಕ್ಕೊಂದು ಟ್ಯಾಬ್, ಕಾಲಮ್‌ಗಳು ನಿಮ್ಮಿಷ್ಟ.

ಶೀಟ್‌ನಲ್ಲಿ ನಂಬರ್ ಕಾಲಮ್ಮನ್ನು ಶುರುವಿನಲ್ಲೇ ಪ್ಲೇನ್ ಟೆಕ್ಸ್ಟ್ ಮಾಡಿಬಿಡಿ. 2011ರ ಮೆಕ್‌ಡೊನಾಲ್ಡ್ಸ್ ಪೋಕೆಮಾನ್ ಸೆಟ್‌ನಲ್ಲಿ 12 ಕಾರ್ಡುಗಳಿವೆ. 3/12 ಅಂತ ಟೈಪ್ ಮಾಡಿದರೆ ಶೀಟ್ ಅದನ್ನು ದಿನಾಂಕ ಅಂದುಕೊಳ್ಳುತ್ತದೆ. ಸೊನ್ನೆಯಿಂದ ಶುರುವಾಗುವ 006 ಬರೀ 6 ಆಗುತ್ತದೆ. ಸಾವಿರ ಸಾಲು ತುಂಬಿದ ಮೇಲೆ ಇದನ್ನು ಸರಿಪಡಿಸುವುದು ದೊಡ್ಡ ತಲೆನೋವು.

ಡಬ್ಬಿಯ ಕ್ರಮವೂ ಪಟ್ಟಿಯ ಕ್ರಮವೂ ಒಂದೇ ಆಗಿರಬೇಕಿಲ್ಲ. ಆಡುವ ಕಾರ್ಡುಗಳು ಬಣ್ಣದ ಪ್ರಕಾರವೇ ಇರಲಿ, ಪಟ್ಟಿಯಲ್ಲಿ "ಎಲ್ಲಿದೆ" ಅನ್ನುವ ಒಂದು ಕಾಲಮ್ ಸೇರಿಸಿ. "ಬೈಂಡರ್ 2, ಪುಟ 14" ಅಂತ ಬರೆದರೆ ಸಾಕು. ಫಾಯಿಲ್ ಕಾರ್ಡುಗಳನ್ನು ಮಾತ್ರ ಬೇರೆ ಇಡಿ. ತೇವಕ್ಕೆ ಕಾಗದದ ಪದರ ಹಿಗ್ಗುತ್ತದೆ, ಫಾಯಿಲ್ ಹಿಗ್ಗುವುದಿಲ್ಲ, ಕಾರ್ಡು ಬಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿ ಬೇಕೇ ಬೇಕು. ಸ್ಲೀವ್ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರ್) ಕೊಳ್ಳುವಾಗ ಅಳತೆ ನೋಡಿ. ಮ್ಯಾಜಿಕ್, ಪೋಕೆಮಾನ್ 63 ಮಿಲಿಮೀಟರ್ ಅಗಲ, 88 ಎತ್ತರ. ಯು-ಗಿ-ಓ 59 ಅಗಲ, 86 ಎತ್ತರ.

ಕೊನೆಯದಾಗಿ ನಕಲಿ ಕಾರ್ಡುಗಳು. ಅಂಗಡಿಯಲ್ಲಿ ದಾರಕ್ಕೆ ಪೋಣಿಸಿ ಮಾರುವ, ಚಿನ್ನದ ಬಣ್ಣದ ಪೋಕೆಮಾನ್ ಕಾರ್ಡುಗಳು ನಮ್ಮೂರುಗಳಲ್ಲಿ ಬೇಕಾದಷ್ಟಿವೆ. ಚಿಕ್ಕಂದಿನ ಪ್ರೀತಿಯಿಂದ ಇಟ್ಟುಕೊಂಡವರೂ ಇದ್ದಾರೆ, ಇಟ್ಟುಕೊಳ್ಳಲಿ. ಆದರೆ ಅವಕ್ಕೆ ಸೆಟ್, ನಂಬರ್ ಕೊಟ್ಟು ಅಸಲಿಯ ಸಾಲಿನಲ್ಲಿ ಸೇರಿಸಬೇಡಿ. "ನಕಲಿ" ಅನ್ನುವ ಪ್ರತ್ಯೇಕ ಟ್ಯಾಬ್ ಮಾಡಿ, ಹೇಗೆ ಗೊತ್ತಾಯಿತು ಅಂತಲೂ ಬರೆಯಿರಿ. ಅಕ್ಷರದ ತಪ್ಪು, ಹಿಂಬದಿಯ ನೀಲಿ ಮಂಕಾಗಿರುವುದು, ಅಳತೆ ಹೊಂದದಿರುವುದು, ಹೀಗೆ. ಅಸಲಿ ಮ್ಯಾಜಿಕ್ ಕಾರ್ಡಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಡು ಪದರಗಳ ನಡುವೆ ನೀಲಿ ಗೆರೆ ಕಾಣುತ್ತದೆ. ಇಂಥ ಒಂದೊಂದು ಟಿಪ್ಪಣಿಯೂ ಮುಂದೆ ಹಳೆಯ ಕಾರ್ಡು ಕೊಳ್ಳುವಾಗ ಕೆಲಸಕ್ಕೆ ಬರುತ್ತದೆ.